ಚೀಟಿ ಪಾವಿನದು, ಅಂಗಡಿ ಕಿಲೋದ್ದು

ಸತ್ಯನಾರಾಯಣ ಪೂಜೆಯ ಸಾಮಾನಿನ ಚೀಟಿ ಹಿರಿಯರಿಂದ ಇನ್ನೂ ಪಾವು, ಸೇರಿನಲ್ಲೇ ಬರುತ್ತದೆ. ಪೂಜೆಯ ಹಿಂದಿನ ದಿನ ಅದನ್ನು ಕಿಲೋಗೆ ತಿರುಗಿಸುವುದಕ್ಕೆ ಮೊದಲು ಮನೆಯ ಪಾವನ್ನೇ ಅಳೆದುಕೊಳ್ಳಬೇಕಾಯಿತು, ಏಕೆಂದರೆ ಎಲ್ಲ ಪಾವುಗಳೂ ಒಂದೇ ಅಳತೆಯವಲ್ಲ. ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾವಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದರೆ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್ ಅದರ ಅಳತೆ. ಈ ಹಿತ್ತಾಳೆ ಪಾವು 248 ತೋರಿಸಿತು.

ಪಾವನ್ನು ಒರೆಸಿ, ಪೂರ್ತಿ ಒಣಗಿಸಿ, ಸೋನಾ ಮಸೂರಿ ಅಕ್ಕಿಯನ್ನು ಕುಟ್ಟದೆ ಸುರಿದು, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ ತೂಗಿದಾಗ 205 ಗ್ರಾಂ. ಅದೇ ಪಾವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಕಾಳುಗಳ ನಡುವಿನ ಸಂದು ಮುಚ್ಚಿ ಮೇಲೆ ಜಾಗವಾಗುತ್ತದೆ. ಅದನ್ನು ತುಂಬಿದರೆ 220. ಗೋಪುರವಾಗಿ ತುಂಬಿದರೆ ಇನ್ನೊಂದಿಷ್ಟು. ಹೇಗೆ ತುಂಬುತ್ತೇವೆ ಎನ್ನುವುದನ್ನು ಮೊದಲೇ ನಿಶ್ಚಯಿಸಿಕೊಂಡು ಕೊನೆಯವರೆಗೆ ಹಾಗೇ ತುಂಬಬೇಕು.

ನಾಲ್ಕು ಪಾವಿಗೆ ಒಂದು ಸೇರು, ಅಂದರೆ ಮಟ್ಟ ಅಳತೆಯಲ್ಲಿ ಅಕ್ಕಿ 820 ಗ್ರಾಂ. ಚೀಟಿಯಲ್ಲಿದ್ದ 5 ಸೇರು ಅಕ್ಕಿಗೆ 4 ಕಿಲೋ 100 ಗ್ರಾಂ ಸಾಕು. ಸೇರನ್ನೇ ಕಿಲೋ ಎಂದುಕೊಂಡರೆ 900 ಗ್ರಾಂ ಹೆಚ್ಚಾಗಿ, ಪಾತ್ರೆಯೂ ನೀರಿನ ಲೆಕ್ಕವೂ ಕೆಡುತ್ತದೆ. ತೂಕದ ಸೇರು ಬೇರೆ: 80 ತೊಲದ ಪಕ್ಕಾ ಸೇರೆಂದರೆ ಸುಮಾರು 933 ಗ್ರಾಂ. ಹಾಗಾಗಿ ಬೆಲ್ಲದ ಮುಂದೆ ಸೇರು ಎಂದಿದ್ದರೆ ಚೀಟಿ ಬರೆದವರನ್ನೇ ಕೇಳುವುದು ಒಳ್ಳೆಯದು.

ನಿಜವಾದ ಎಚ್ಚರ ಬೇಕಾದದ್ದು ಪ್ರಸಾದದ ಸಜ್ಜಿಗೆಗೆ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಪಾವು. ಈ ಸಮಪಾಲು ಅಳತೆಯದು, ತೂಕದ್ದಲ್ಲ. ಒಂದೂಕಾಲು ಪಾವು ಸಣ್ಣ ರವೆ ಸುಮಾರು 215 ಗ್ರಾಂ ತೂಗಿದರೆ ಸಕ್ಕರೆ 265, ತುಪ್ಪ 280, ಹಾಲು 320 ತೂಗುತ್ತವೆ. ತಕ್ಕಡಿ ಇದೆಯಲ್ಲ ಎಂದು ಎಲ್ಲವನ್ನೂ 250 ಗ್ರಾಂ ತೆಗೆದುಕೊಂಡರೆ ರವೆ ಒಂದೂವರೆ ಪಾವಿಗೆ ಹತ್ತಿರ ಬರುತ್ತದೆ, ಹಾಲು ಒಂದು ಪಾವಿಗೂ ತುಸು ಕಡಿಮೆ. ರವೆ ಅರಳುವ ಮೊದಲೇ ಹಾಲು ಇಂಗಿ, ಸಜ್ಜಿಗೆ ಉದುರುದುರಾಗಿ ಹಲ್ಲಿಗೆ ಸಿಗುತ್ತದೆ. ತೂಗಿಯೇ ಮಾಡುವುದಾದರೆ 100 ಗ್ರಾಂ ರವೆಗೆ ಸಕ್ಕರೆ 125, ತುಪ್ಪ 130, ಹಾಲು 150 ಗ್ರಾಂ ಇಟ್ಟುಕೊಳ್ಳಿ. ಬಾಳೆಹಣ್ಣನ್ನು ಮಾತ್ರ ಹೆಚ್ಚಿ ಪಾವಿನಲ್ಲೇ ಅಳೆಯಿರಿ.

ಬೆಳಗಿನ ಇಡ್ಲಿಗೆ 3 ಪಾವು ಅಕ್ಕಿ, 1 ಪಾವು ಉದ್ದು, ಅರ್ಧ ಪಾವು ಅವಲಕ್ಕಿ. ಅಕ್ಕಿಯೂ ಉದ್ದೂ ಪಾವಿಗೆ ಹೆಚ್ಚುಕಡಿಮೆ ಒಂದೇ ತೂಕ, ಆದ್ದರಿಂದ 3ಕ್ಕೆ 1 ಎರಡು ಲೆಕ್ಕದಲ್ಲೂ ನಡೆಯುತ್ತದೆ. ಅವಲಕ್ಕಿ ಹಾಗಲ್ಲ. ಪಾವೆಂದರೆ 200 ಗ್ರಾಂ, ಅರ್ಧಕ್ಕೆ 100 ಎಂದು ಹಾಕಿದರೆ ದಪ್ಪ ಅವಲಕ್ಕಿಯೇ ಎರಡು ಪಟ್ಟಾಗುತ್ತದೆ, ತೆಳು ಅವಲಕ್ಕಿಯಾದರೆ ಇನ್ನೂ ಹೆಚ್ಚು. ಇಡ್ಲಿ ಅಂಟಂಟಾಗುವುದಕ್ಕೆ ಅದು ಸಾಕು.

ರೈಸ್ ಕುಕ್ಕರ್ ಜೊತೆ ಬರುವ ಲೋಟ ಸಾಮಾನ್ಯವಾಗಿ 180 ಮಿಲಿಲೀಟರ್. ಪಾತ್ರೆಯೊಳಗಿನ ಗೆರೆಗಳು ಆ ಲೋಟಕ್ಕೇ ಹೊಂದುತ್ತವೆ. ಪಾವಿನಲ್ಲಿ 2 ಅಳೆದು 2ರ ಗೆರೆಗೆ ನೀರು ಹಾಕಿದರೆ ಅನ್ನ ಬೇಯುವುದಿಲ್ಲ, ಅದು ಆ ಲೋಟದಲ್ಲಿ ಎರಡೂಮುಕ್ಕಾಲಾಗಿರುತ್ತದೆ.

ಇಡ್ಲಿ ಹಿಟ್ಟಿನ ಮೆಂತ್ಯವನ್ನು ಮಾತ್ರ ತೂಗಲು ಹೋಗಬೇಡಿ. ಅಡುಗೆಮನೆಯ ತಕ್ಕಡಿ ನಾಲ್ಕೈದು ಗ್ರಾಂನಲ್ಲಿ ಒಂದು ಗ್ರಾಂ ಅತ್ತಿತ್ತ ತೋರಿಸುತ್ತದೆ, ಮಟ್ಟ ಮಾಡಿದ ಒಂದು ಚಮಚವೇ ಅದಕ್ಕಿಂತ ನಿಖರ.