ಸ್ಪ್ಲಿಟ್ ಬರುತ್ತೆ, 600 ಮೀಟರ್ ಓಟ ಬರಲ್ಲ

ನಾನು ಶಾಲೆಯೊಂದರಲ್ಲಿ ಜಿಮ್ನಾಸ್ಟಿಕ್ಸ್ ಕೋಚ್. ನಮ್ಮಲ್ಲಿ ಖೇಲೋ ಇಂಡಿಯಾ ಫಿಟ್‌ನೆಸ್ ಟೆಸ್ಟ್ (ಶಾಲಾ ಮಕ್ಕಳ ದೈಹಿಕ ಸಾಮರ್ಥ್ಯ ಅಳೆಯುವ ಕೇಂದ್ರ ಸರ್ಕಾರದ ಪರೀಕ್ಷೆ) ನಡೆದ ದಿನ ನೆನಪಾದರೆ ಈಗಲೂ ಮುಜುಗರ ಆಗುತ್ತದೆ.

ಬೆಳಿಗ್ಗೆ ಎಲ್ಲ ಚೆನ್ನಾಗೇ ಇತ್ತು. ಒಂದರಿಂದ ಮೂರನೇ ಕ್ಲಾಸಿನವರಿಗೆ ಫ್ಲೆಮಿಂಗೋ ಮತ್ತು ಪ್ಲೇಟ್ ಟ್ಯಾಪಿಂಗ್ (ಎರಡು ತಟ್ಟೆಗಳನ್ನು ಕೈಯಿಂದ ಬೇಗ ಬೇಗ ಮುಟ್ಟುವುದು). ಫ್ಲೆಮಿಂಗೋದಲ್ಲಿ 60 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಬೇಕು. ಬೇರೆ ಮಕ್ಕಳು ಧೊಪ್ ಧೊಪ್ ಅಂತ ಕಾಲು ಕೆಳಗಿಡುತ್ತಿದ್ದರೆ ನನ್ನ ಬ್ಯಾಚಿನ ಪುಟಾಣಿಗಳು ಅಲುಗಾಡಲಿಲ್ಲ. 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ನಡೆಯುವವರಿಗೆ ಅದೇನು ಮಹಾ, ಅಲ್ವಾ? ನಾಲ್ಕನೇ ಕ್ಲಾಸಿನವರದ್ದು ಬೇರೆ ಟೆಸ್ಟ್. ಸಿಟ್ ಅಂಡ್ ರೀಚ್ (ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು), ಕರ್ಲ್ ಅಪ್ (ಮಲಗಿ ತಲೆ, ಭುಜ ಎತ್ತುವುದು), ಪುಷ್ ಅಪ್ ಎಲ್ಲದರಲ್ಲೂ ನಮ್ಮವರೇ ಮುಂದೆ. ಸುಮ್ನೆ ಇರಬಹುದಿತ್ತು. ಪಿ.ಟಿ. ಸರ್ ಹತ್ತಿರ ಹೋಗಿ "600 ಮೀಟರ್ ಓಟದಲ್ಲೂ ನಮ್ಮವರೇ ಸರ್, ಬರೆದಿಟ್ಟುಕೊಳ್ಳಿ" ಅಂದೆ, ಅದೂ ಪ್ರಿನ್ಸಿಪಾಲ್ ಮೇಡಂ ಪಕ್ಕದಲ್ಲೇ ನಿಂತಿರುವಾಗ.

ನಮ್ಮ ಮೈದಾನದಲ್ಲಿ 600 ಅಂದರೆ ಮೂರು ಸುತ್ತು. ವಿಶಲ್ ಊದಿದ ತಕ್ಷಣ ನನ್ನ ಮಕ್ಕಳು ವಾಲ್ಟ್‌ಗೆ (ಓಡಿ ಬಂದು ಮೇಜಿನಂಥ ಉಪಕರಣದ ಮೇಲಿಂದ ಹಾರುವುದು) ಓಡುವ ಹಾಗೆ ಓಡಿದರು, ಅಂದರೆ ಇದ್ದ ಉಸಿರೆಲ್ಲ ಮೊದಲ 25 ಮೀಟರ್‌ಗೇ ಖರ್ಚು. ಎರಡನೇ ಸುತ್ತಿಗೆ ಒಬ್ಬೊಬ್ಬರೇ ಪಕ್ಕೆ ಹಿಡಿದುಕೊಂಡರು. ಹಿಂದಕ್ಕೆ ಬಾಗಿ ಕಮಾನಿನಂತೆ ನಿಲ್ಲುವ ಬ್ರಿಡ್ಜ್ ಚೆಂದ ಮಾಡುವ ಹುಡುಗಿ ನಡೆಯತೊಡಗಿದಳು. ದಿನಾ ಸಂಜೆ ರಸ್ತೆಯಲ್ಲಿ ಕ್ರಿಕೆಟ್ ಆಡುವ ಹುಡುಗರು ಆರಾಮಾಗಿ, ಮಾತಾಡಿಕೊಂಡು, ಇವರನ್ನು ದಾಟಿ ಹೋದರು. ಆ ಮೂರ್ನಾಲ್ಕು ನಿಮಿಷ ಕೈಯಲ್ಲಿದ್ದ ಸ್ಟಾಪ್‌ವಾಚ್ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಪಿ.ಟಿ. ಸರ್ ಏನೂ ಹೇಳಲಿಲ್ಲ, ಪುಣ್ಯಾತ್ಮ. ಮೇಡಂ ಮಾತ್ರ "ಇವರಿಗೆ ಪ್ರತ್ಯೇಕ ಫೀಸ್ ತಗೋತೀವಿ ಅಲ್ವಾ?" ಅಂದರು.

ಆಮೇಲೆ ಕ್ಲಾಸಿನಲ್ಲಿ ಒಂದೊಂದು ಮಗುವನ್ನೂ ಗಮನಿಸಿದೆ. ಒಂದೇ ಬೀಮ್, ಒಂದೇ ಸ್ಪ್ರಿಂಗ್‌ಬೋರ್ಡ್. ಸರದಿ ಬಂದರೆ ಅರ್ಧ ನಿಮಿಷದ ಕೆಲಸ, ಆಮೇಲೆ ಮತ್ತೆ ಕ್ಯೂ, ಕ್ಯೂನಲ್ಲಿ ಹರಟೆ. ಬ್ಯಾಲೆನ್ಸ್, ಮೈ ಬಾಗುವುದು, ತೋಳಿನ ಬಲ ಇಷ್ಟರಲ್ಲೇ ಬರುತ್ತವೆ. ಹಾರಿ ಇಳಿಯುವುದು ಮೂಳೆಗೂ ಒಳ್ಳೆಯದು. ಆದರೆ ದಮ್ಮು ಬರಬೇಕಾದರೆ ಎದೆಬಡಿತ ಏರಿ ಸ್ವಲ್ಪ ಹೊತ್ತು ಹಾಗೇ ಏರಿಯೇ ಇರಬೇಕು. ಸ್ಪರ್ಧೆಯಲ್ಲಿ ನೆಲದ ಮೇಲೆ ಮಾಡುವ ಫ್ಲೋರ್ ರೊಟೀನ್ ಕೂಡ ಹೆಚ್ಚೆಂದರೆ 90 ಸೆಕೆಂಡ್! ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅನ್ನುತ್ತದೆ. ಕ್ಯೂನಲ್ಲಿ ನಿಂತದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕ್ಯೂ ತೆಗೆದಿದ್ದೇನೆ. ಸರ್ಕಿಟ್ ಮಾಡಿಸುತ್ತೇನೆ: ಬೀಮ್ ಇಳಿದವರು ಬೇರ್ ವಾಕ್ (ಕರಡಿಯಂತೆ ಕೈಕಾಲೂರಿ ನಡೆಯುವುದು), ಅಲ್ಲಿಂದ ಕಪ್ಪೆ ಜಿಗಿತ, ಅಲ್ಲಿಂದ ಸ್ಕಿಪ್ಪಿಂಗ್. ಕೊನೆಗೆ ಮುಟ್ಟಾಟ. ಕೆಲವು ಅಮ್ಮಂದಿರಿಗೆ ಇದು ಇಷ್ಟವಿಲ್ಲ, "ಆಟ ಆಡಿಸೋಕೆ ಕಳಿಸಿದ್ದೀವಾ, ಸ್ಪ್ಲಿಟ್ ಯಾವಾಗ ಬರುತ್ತೆ?" ಅಂತಾರೆ. ಆರು ವರ್ಷದ ಮಗುವಿನ ಸೊಂಟದ ಮೇಲೆ ಒತ್ತಿ, ಎರಡೂ ಕಾಲು ನೆಲಕ್ಕೆ ಚಾಚಿಸಿ ಸ್ಪ್ಲಿಟ್ ಮಾಡಿಸುವ ಕೆಲಸ ನನ್ನಿಂದ ಆಗಲ್ಲ, ಅಷ್ಟೇ.

ಇನ್ನೊಂದು ಬೀಮ್ ಕೇಳಿದರೆ ಮ್ಯಾನೇಜ್‌ಮೆಂಟ್ "ಮುಂದಿನ ವರ್ಷ ನೋಡೋಣ" ಅಂದಿತು. ಬ್ಯಾಚಿಗೆ ಹೊಸ ಮಕ್ಕಳನ್ನು ಸೇರಿಸುವುದಕ್ಕೆ ಮಾತ್ರ ಮುಂದಿನ ವರ್ಷದವರೆಗೆ ಕಾಯಲಿಲ್ಲ. ಸದ್ಯಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ಅದನ್ನೇ ಬೀಮ್ ಅಂದುಕೊಂಡು ನಡೆಸುತ್ತಿದ್ದೇನೆ. ಟೇಪಿನ ದುಡ್ಡೂ ನನ್ನದೇ.