ಚೀತಾ ಮತ್ತು ನಾಯಿ: ಕಾಗದದ ಮುದ್ದೆಯ ಕೆಲಸ ಎಲ್ಲಿಗೆ ಬಂತು

ಜುಲೈ, ಎರಡನೆಯ ವಾರ

ಮುಂಬಯಿ ಬಳಿಯ ಡೊಂಬಿವಲಿಯ ಮಳೆಯಲ್ಲಿ ಕಾಗದದ ಮುದ್ದೆ ಒಣಗುವುದೇ ಇಲ್ಲ. ನಾನು ಮಾಡುತ್ತಿರುವುದು ಒಂದು ಚೀತಾ ಮತ್ತು ಅದರ ಜೊತೆಗಾರ ನಾಯಿಯ ಬೊಂಬೆ. ತಂತಿಯ ಹಂದರಕ್ಕೆ ಮೆತ್ತಿದ ಮೊದಲ ಪದರಕ್ಕೆ ಐದೇ ದಿನದಲ್ಲಿ ಬೂಷ್ಟು ಹಿಡಿಯಿತು. ಚೀತಾದ ಎದೆಯ ಭಾಗವನ್ನು ಪೂರ್ತಿ ಕಿತ್ತು ಹಾಕಿದೆ. ಈಗ ಮೈದಾ ಅಂಟಿಗೆ ಮೆಂತ್ಯದ ಪುಡಿ, ಕೆಲವು ಹನಿ ಲವಂಗದ ಎಣ್ಣೆ ಸೇರಿಸಿ ತೆಳ್ಳಗೆ ಹಚ್ಚುತ್ತಿದ್ದೇನೆ. ಫ್ಯಾನಿನ ಕೆಳಗೆ ಎರಡು ದಿನ ಇಟ್ಟ ಮೇಲೆಯೇ ಮುಂದಿನ ಪದರ. ರಾಜ್ಯೋತ್ಸವದ ಹೊತ್ತಿಗೆ ಭಾನುವಾರದ ಕನ್ನಡ ತರಗತಿಯ ಮಕ್ಕಳ ಮುಂದೆ ಇದನ್ನು ಇಡಬೇಕು.

ಜುಲೈ ಕೊನೆ

ತಲೆ ಮುಗಿದಾಗ ಮಗಳು ಕೇಳಿದಳು: "ಅಮ್ಮಾ, ಇದು ಬೋರಿವಲಿ ಕಾಡಿನ ಚಿರತೆಯಲ್ಲವೇ?" ಅವಳ ಕಣ್ಣು ಸರಿಯಾಗಿಯೇ ನೋಡಿತ್ತು. ಮುಂಬಯಿಯ ಮಕ್ಕಳಿಗೆ ಚಿರತೆ ಗೊತ್ತು, ಚೀತಾ ಗೊತ್ತಿಲ್ಲ. 1952ರಲ್ಲಿ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾದ ಪ್ರಾಣಿ ಅದು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದವು. ತಲೆಯನ್ನು ಚಿಕ್ಕದು ಮಾಡಿ, ಕಣ್ಣಿನಿಂದ ಬಾಯಿಯವರೆಗೆ ಇಳಿಯುವ ಕಪ್ಪು ಗೆರೆಯನ್ನು ಕೊರೆದೆ.

ಆಗಸ್ಟ್

ಕಷ್ಟದ ಭಾಗ ಇದು, ಎರಡು ಪ್ರಾಣಿಗಳನ್ನು ಜೊತೆಗೂಡಿಸುವುದು.

ಚೀತಾ ಅಂಜುಬುರುಕ. ಸಿಂಹವೋ ಕತ್ತೆಕಿರುಬವೋ ಬಂದರೆ ಹಿಡಿದ ಬೇಟೆಯನ್ನೂ ಬಿಟ್ಟು ಓಡುತ್ತದೆ. ಮೃಗಾಲಯದಲ್ಲಿ ಓಡಿಹೋಗುವುದಾದರೂ ಎಲ್ಲಿಗೆ? ಅಂಜಿಕೆ ಮೈಯಲ್ಲೇ ಉಳಿಯುತ್ತದೆ. ಅದಕ್ಕೇ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದವರು 1980ರ ದಶಕದಲ್ಲೇ ಚೀತಾ ಮರಿಯ ಜೊತೆ ನಾಯಿಮರಿಯನ್ನು ಬೆಳೆಸತೊಡಗಿದರು. ಮೊದಲು ಬೇಲಿಯ ಆಚೆ ಒಂದು, ಈಚೆ ಒಂದು. ಆಮೇಲೆ ಹಗ್ಗ ಕಟ್ಟಿ ಒಂದೇ ಅಂಗಳದಲ್ಲಿ. ಊಟ ಮಾತ್ರ ಬೇರೆ ಬೇರೆ. ಹೊಸ ಸದ್ದು ಕೇಳಿದರೆ ಚೀತಾ ನಾಯಿಯತ್ತ ನೋಡುತ್ತದೆ. ನಾಯಿ ನಿರಾಳವಾಗಿದ್ದರೆ ತಾನೂ ಸಡಿಲಗೊಳ್ಳುತ್ತದೆ. ಒಂದೇ ಮರಿ ಹುಟ್ಟಿದರೆ ತಾಯಿಯ ಹಾಲು ಬತ್ತುವುದುಂಟು. ಮನುಷ್ಯರು ಸಾಕಬೇಕಾದ ಅಂಥ ಒಂಟಿ ಮರಿಗೆ ನಾಯಿಯೇ ಒಡಹುಟ್ಟು. 2016ರಲ್ಲಿ ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಶಸ್ತ್ರಕ್ರಿಯೆಯಿಂದ ಅವಧಿಗೆ ಮುನ್ನ ಹುಟ್ಟಿದ ಐದು ಮರಿಗಳಲ್ಲಿ ಮೂರು ಉಳಿದವು, ತಾಯಿ ಉಳಿಯಲಿಲ್ಲ. ಬ್ಲೇಕ್ಲಿ ಎಂಬ ಆಸ್ಟ್ರೇಲಿಯನ್ ಶೆಫರ್ಡ್ ನಾಯಿ ಆ ಮೂರಕ್ಕೂ ಒರಗುವ ದಿಂಬಾಯಿತು, ಹತ್ತಿ ಇಳಿಯುವ ದಿಣ್ಣೆಯಾಯಿತು. ಅದನ್ನು ಓದಿದ ರಾತ್ರಿಯೇ ನಾನು ತಂತಿ ಬಗ್ಗಿಸಲು ಕುಳಿತದ್ದು.

ಆದರೆ ನನ್ನ ನಾಯಿ ತಲೆಯೆತ್ತಿ ಚೀತಾವನ್ನು ಬೆರಗಿನಿಂದ ನೋಡುತ್ತಿತ್ತು! ಪೂರ್ತಿ ತಿರುಗುಮುರುಗು. ಧೈರ್ಯ ಬೇಕಾದದ್ದು ಚೀತಾಕ್ಕೆ, ನೋಡಬೇಕಾದದ್ದೂ ಅದೇ. ಎರಡರ ಕುತ್ತಿಗೆಯನ್ನೂ ಕತ್ತರಿಸಿದೆ.

ನಾಯಿಯ ಭಂಗಿ ಸಿಕ್ಕಿದ್ದು ನಮ್ಮ ಗೇಟಿನ ಬಳಿ. ಗಣೇಶೋತ್ಸವಕ್ಕೆ ಢೋಲ್-ತಾಶಾ ಅಭ್ಯಾಸ ನಡೆದಿತ್ತು. ಆ ಸದ್ದಿನ ನಡುವೆ ಬೀದಿಯ ಕಾಳಿ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಗಲ್ಲ ನೆಲಕ್ಕಿಟ್ಟು ಮಲಗಿದ್ದಳು. ಕಿವಿ ಮಾತ್ರ ಒಮ್ಮೆ ಅಲುಗಿತು. ಆ ಕಾಲನ್ನು, ಆ ಗಲ್ಲವನ್ನು ಹಾಗೆಯೇ ತಂದು ಕೂರಿಸಿದ್ದೇನೆ. ಚೀತಾದ ಮುಖ ಈಗ ಅವಳತ್ತ ವಾಲಿದೆ.

ಇನ್ನು ಬಣ್ಣ ಉಳಿದಿದೆ. ಚಿರತೆಯ ಹೂವಿನಂಥ ಗುರುತಲ್ಲ, ತುಂಬಿದ ಕಪ್ಪು ಚುಕ್ಕೆ. ಅದನ್ನು ಮಗಳು ಇಡುತ್ತಾಳಂತೆ. ಅದಕ್ಕೆ ಮೊದಲು, ನಾಯಿಯ ಬೆನ್ನಿಗೂ ಚೀತಾದ ಪಕ್ಕೆಗೂ ನಡುವೆ ಎರಡು ಬೆರಳಿನಷ್ಟು ಸಂದು ಇದೆ. ನಾಳೆ ಅದಕ್ಕೆ ಮುದ್ದೆ ತುಂಬುತ್ತೇನೆ.