ಬೀದರಿನಲ್ಲಿ ನಾಯಿ ಜೊತೆ ವಾಕಿಂಗ್, ಆಮೇಲೊಂದು ಚಹಾ

ನಾಯಿ ಕರೆದುಕೊಂಡು ಹೋಗಿ ಕೂರೋಕೆ ನಿಮ್ಮ ಬೀದರಿನಲ್ಲಿ ಪಬ್ ಇದೆಯಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಇಲ್ಲಿ ನಮ್ಮ ಪಾಲಿಗಿರುವುದು ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿಗೆ ಮನೆಯವರನ್ನು ಕರೆದುಕೊಂಡು ಹೋಗೋಕೇ ಹಿಂದೆಮುಂದೆ ನೋಡಬೇಕು, ಇನ್ನು ನಾಯಿ ಮಾತು ದೂರ. ನಾಯಿ ಸಾಕಿದವರಿಗೆ ರಸ್ತೆ ಬದಿಯ ಚಹಾ ಅಂಗಡಿ, ಇಲ್ಲಾಂದ್ರೆ ಊರ ಹೊರಗಿನ ಧಾಬಾನೇ ಗತಿ. ನಂಗೇನೂ ಬೇಜಾರಿಲ್ಲ.

ನಮ್ಮ ನಾಯಿ ಮೋತಿಗೆ ನಾನು ಮೊದಲು ತೋರಿಸೋ ದಾರಿ ಅಷ್ಟೂರಿನದು. ಊರಿಂದ ಪೂರ್ವಕ್ಕೆ 3 ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಸಿಗುತ್ತದೆ, ಅದು ಗೋರಿ ಇರುವ ಜಾಗ, ನಾಯಿ ಕರ್ಕೊಂಡು ಮೆಟ್ಟಿಲು ಹತ್ತಬೇಡಿ. ಮುಂದೆ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಅವರಲ್ಲೊಬ್ಬ ಹುಮಾಯೂನ, ಅವನ ಗುಂಬಜ್ ಸಿಡಿಲಿಗೆ ಸಿಕ್ಕು ಅರ್ಧ ಕುಸಿದಿದೆ ಅಂತಾರೆ, ಉಳಿದರ್ಧದಲ್ಲಿ ಗೋಡೆ ಎಷ್ಟು ದಪ್ಪ ಕಟ್ಟಿದ್ದರು ಅನ್ನೋದು ಬಯಲಲ್ಲಿ ನಿಂತೇ ಕಾಣುತ್ತದೆ. ಇನ್ನೊಬ್ಬ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹಾಗಾಗಿ ಹೋಳಿ ಆಸುಪಾಸಿನ ಜಾತ್ರೆ ದಿನಗಳಲ್ಲಿ ಆ ಕಡೆ ನಾಯಿ ಬೇಡವೇ ಬೇಡ. ಬೇರೆ ದಿನ ಗುಂಬಜ್ ಒಳಗೆ ಹೋಗದೆ ಹೊರಗಿನ ದಾರಿಯಲ್ಲೇ ಅಡ್ಡಾಡಿ ಬನ್ನಿ, ಸಾಕು.

ಬೆಳಿಗ್ಗೆ ಬೇಗ ಹೊರಡಬೇಕು. ಬೀದರ್ ಇರೋದೇ ಜಂಬಿಟ್ಟಿಗೆ ಕಲ್ಲಿನ ಮೇಲೆ, ಬೇಸಿಗೆಯಲ್ಲಿ ಒಂಬತ್ತು ಗಂಟೆಗೆಲ್ಲ ನೆಲ ಕಾಯತ್ತೆ. ಅಂಗೈ ಹಿಂಭಾಗವನ್ನು ರಸ್ತೆ ಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡಿ, ನಿಮಗೆ ತಡೆಯೋಕಾಗದಿದ್ರೆ ಅದರ ಪಾದಕ್ಕೂ ತಡೆಯಲ್ಲ.

ಹೊರಗಿನಿಂದ ಬಂದವರಿಗೆ ಗೊತ್ತಿರದ ಇನ್ನೊಂದು ವಿಷಯ ವಿಮಾನದ್ದು. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಆಕಾಶದಲ್ಲಿ ಕಸರತ್ತು ಮಾಡೋ ಸೂರ್ಯಕಿರಣ್ ವಿಮಾನ ತಂಡದ್ದೂ ಇದೇ ಊರು. ಅವರ ಹಾಕ್ ಜೆಟ್ ವಿಮಾನ ತಲೆ ಮೇಲೆ ಹಾದರೆ ಹೊಸ ನಾಯಿ ಬಾಲ ಮುದುರಿಕೊಂಡು ಸಿಕ್ಕ ದಿಕ್ಕಿಗೆ ಓಡುತ್ತದೆ. ಮೋತಿ ಈಗ ಕಿವಿ ಮಾತ್ರ ನಿಮಿರಿಸುತ್ತಾನೆ, ಆದರೂ ನಾನು ಹಗ್ಗ ಬಿಡಲ್ಲ. ನೌಬಾದ್ ಕಡೆಯಂತೂ ಬಿಡಲೇಬೇಡಿ, ಅಲ್ಲಿ ಬಹಮನಿ ಕಾಲದ ಕರೇಜ್, ನಮ್ಮವರ ಮಾತಲ್ಲಿ ಸುರಂಗ ಬಾವಿ. ನೆಲದಡಿ ನೀರಿನ ಕಾಲುವೆ, ಗಾಳಿ ಬೆಳಕಿಗೆ ಮೇಲಿಂದ ಆಳದ ಬಾವಿಗಳು. ಮೂಸುತ್ತಾ ಮೂಸುತ್ತಾ ಹೋಗೋ ನಾಯಿಗೆ ಬಾವಿ ಬಾಯಿ ಕಾಣತ್ತಾ? ಇನ್ನು ಹೊಲಗಳ ಕಡೆ ಹೋದರೆ ಚಿಗರಿ, ಅಂದ್ರೆ ಕೃಷ್ಣಮೃಗದ ಹಿಂಡು ಎದುರಾಗಬಹುದು. ನಾಯಿ ಅಟ್ಟಿಸಿಕೊಂಡು ಹೋಗಿ ಒಂದಕ್ಕೆ ಏನಾದ್ರೂ ಆದರೆ ವನ್ಯಜೀವಿ ಕಾಯ್ದೆ ಕೇಸು ನಮ್ಮ ಕೊರಳಿಗೆ.

ಸಂಜೆಗೆ ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳ ಗುಂಬಜ್‌ಗಳ ಕಡೆ ಹೋಗಬಹುದು, ಆದರೆ ವಾಕಿಂಗಿನವರ ಗದ್ದಲ ಜಾಸ್ತಿ. ಹಳೇ ಊರಿನ ಗೋಪುರ ಚೌಬಾರಾ ಸುತ್ತಲಿನ ಗಲ್ಲಿಗಳಿಗೆ ನಾನು ಹೋಗೋದೇ ಇಲ್ಲ. ಗಲ್ಲಿಗೊಂದು ನಾಯಿ ದಂಡು, ಪ್ರತಿ ದಂಡಿಗೂ ತನ್ನದೇ ಸರಹದ್ದು. ರೇಬೀಸ್ ಲಸಿಕೆ ಹಾಕಿಸದೆ ಯಾವ ದಾರಿಗೂ ಇಳಿಯಬೇಡಿ.

ವಾಪಸ್ ಬರುವಾಗ ನಾನು ನಿಲ್ಲೋ ಚಹಾ ಅಂಗಡಿಗೆ ಹೆಸರಿನ ಬೋರ್ಡೂ ಇಲ್ಲ, ಬೇವಿನ ಮರದಡಿ ಒಂದು ಬೆಂಚು ಇದೆ ಅಷ್ಟೇ. ಮೊದಲ ಸಲ ಅಂಗಡಿ ಕಾಕಾ ದೂರದಿಂದಲೇ, "ಕಡೀತದೇನ್ರಿ ಇದು?" ಅಂದ. "ಇಲ್ರಿ ಕಾಕಾ, ಬಿಸ್ಕೀಟ್ ಕಂಡ್ರ ಮಾತ್ರ ಮೈಮ್ಯಾಲ ಬರ್ತದ" ಅಂದೆ. ಈಗ ಮೋತಿ ಕಂಡ ಕೂಡ್ಲೇ ಒಡೆದ ಬಟ್ಟಲಲ್ಲಿ ನೀರು ಇಡುತ್ತಾನೆ. ನನ್ನ ಸೂಸಲಾ, ಅಂದ್ರೆ ಮಂಡಕ್ಕಿ ಒಗ್ಗರಣೆ, ಮಾತ್ರ ಮೋತಿಗೆ ಹಾಕಲ್ಲ, ಅದರಲ್ಲಿ ಉಳ್ಳಾಗಡ್ಡಿ ಇರತ್ತೆ, ನಾಯಿಗೆ ಅದು ವಿಷ. ಧಾಬಾದಲ್ಲೂ ಅಷ್ಟೇ, ಬೇಯಿಸಿದ ಎಲುಬು ಕೊಟ್ಟರೆ ಒಡೆದು ಗಂಟಲಿಗೆ ಚುಚ್ಚುತ್ತದೆ. ಒಂದು ಪ್ಲೇಟ್ ಬರೀ ಅನ್ನ ಹೇಳಿ, ಮಸಾಲೆ ತಾಗದ ಹಾಗೆ. ವೇಟರ್ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ.